ಅಧಿಸೂಚನೆಯ ತಾರೀಖು ಹುಡುಕಿಕೊಂಡು ಕಾರವಾರಕ್ಕೆ

2006ರ ಏಪ್ರಿಲ್ 1ಕ್ಕಿಂತ ಒಂದು ದಿನ ಮುಂಚೆ ಕರ್ನಾಟಕ ಸರ್ಕಾರದ ಕೆಲಸಕ್ಕೆ ಸೇರಿದ್ದರೆ ಹಳೆ ಪೆನ್ಶನ್. ಆ ದಿನ ಅಥವಾ ಆಮೇಲೆ ಸೇರಿದ್ದರೆ ಎನ್‌ಪಿಎಸ್, ಅಂದರೆ ಹೊಸ ಪೆನ್ಶನ್ ಯೋಜನೆ. ಹಳೆಯದರಲ್ಲಿ ಪೂರ್ತಿ ಸೇವೆ ಮಾಡಿದವರಿಗೆ ಕೊನೆಯ ಬೇಸಿಕ್ಕಿನ (ಮೂಲ ಸಂಬಳದ) ಅರ್ಧ ಸಿಗುತ್ತದೆ, ಡಿಎ (ತುಟ್ಟಿಭತ್ಯೆ) ಏರಿದ ಹಾಗೆ ಅದೂ ಏರುತ್ತದೆ. ಎನ್‌ಪಿಎಸ್‌ನಲ್ಲಿ ಬೇಸಿಕ್ಕು, ಡಿಎ ಸೇರಿಸಿ ಅದರ 10 ಪರ್ಸೆಂಟ್ ನಮ್ಮ ಸಂಬಳದಿಂದ ಕಡಿತ, ಸರ್ಕಾರದ ಪಾಲು 14 ಪರ್ಸೆಂಟ್, ದುಡ್ಡು ಮಾರುಕಟ್ಟೆಗೆ. ರಿಟೈರ್ ಆದ ಮೇಲೆ ಕೈಗೆ ಎಷ್ಟು ಬರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ.

ನಾನು ಸೇರಿದ್ದು 2006ರ ಮಳೆಗಾಲದಲ್ಲಿ. ಅರ್ಜಿ ಕರೆದಿದ್ದು 2005ರಲ್ಲೇ. ಆಯ್ಕೆಪಟ್ಟಿ, ಪರಿಶೀಲನೆ, ಪೊಲೀಸ್ ವರದಿ ಅಂತ ಕಡತ ತೆವಳಿಕೊಂಡು ಬರುವ ಹೊತ್ತಿಗೆ ಏಪ್ರಿಲ್ ದಾಟಿತ್ತು. ತಡ ಮಾಡಿದ್ದು ಅವರು, ಪೆನ್ಶನ್ ಹೋಗಿದ್ದು ನಂದು!

2024ರ ಜನವರಿಯಲ್ಲಿ ಸರ್ಕಾರ ಆದೇಶ ಮಾಡಿತು. 2006ರ ಏಪ್ರಿಲ್ 1ಕ್ಕೆ ಮುಂಚೆ ಅರ್ಜಿ ಕರೆದ ಅಧಿಸೂಚನೆಯಾಗಿ, ಆಮೇಲೆ ಕೆಲಸಕ್ಕೆ ಸೇರಿದವರು ಹಳೆ ಪೆನ್ಶನ್ನಿಗೆ ಬರಬಹುದು ಅಂತ. ಸುಮಾರು 13 ಸಾವಿರ ಜನರಿಗೆ ಅನುಕೂಲ ಅಂದರು. ಕೇಂದ್ರದವರು ತಮ್ಮ ನೌಕರರಿಗೆ 2023ರ ಮಾರ್ಚಿನಲ್ಲೇ ಇಂಥದ್ದೊಂದು ಅವಕಾಶ ಕೊಟ್ಟಿದ್ದರು, ಹಾಗಾಗಿ ನಮಗೂ ಆಸೆ ಇತ್ತು.

ಅದಕ್ಕೆ ಅಧಿಸೂಚನೆಯ ತಾರೀಖು ತೋರಿಸಬೇಕಿತ್ತು. ನನ್ನ ನೇಮಕಾತಿ ಆದೇಶದ ಉಲ್ಲೇಖದಲ್ಲಿ ನಂಬರ್ ಚೆನ್ನಾಗಿ ಕಾಣುತ್ತಿತ್ತು. ತಾರೀಖಿನ ಮೇಲೆ ಸರಿಯಾಗಿ ಸೀಲ್ ಬಿದ್ದಿತ್ತು. ಇಡೀ ಹಾಳೆಯಲ್ಲಿ ಬೇರೆ ಜಾಗವೇ ಇರಲಿಲ್ಲವೇನೋ. ದೃಢೀಕರಿಸಿದ ಪ್ರತಿ ತನ್ನಿ ಅಂದರು. ಅದು ಇದ್ದಿದ್ದು ಕಾರವಾರದ ಒಂದು ಕಚೇರಿಯಲ್ಲಿ.

ಶಿರಸಿಯವರಿಗೆ ಜಿಲ್ಲಾ ಕೇಂದ್ರ ಅಂದರೆ ಒಂದು ರಜೆ ಹೋಯಿತು ಅಂತಲೇ ಲೆಕ್ಕ. ಮೊದಲು ವರ್ಷಕ್ಕೆ 15 ಇದ್ದ ಸಿಎಲ್ಲು (ಸಾಂದರ್ಭಿಕ ರಜೆ) ನಾಲ್ಕನೇ ಶನಿವಾರದ ರಜೆ ಬಂದ ಮೇಲೆ 10 ಆಗಿದೆ, ಅದರಲ್ಲೊಂದನ್ನು ಬರೆದು ಬೆಳಗಿನ ಬಸ್ಸು ಹತ್ತಿದೆ. ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ, ಧೂಳು. ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟಿದಾಗ ಮೇ ತಿಂಗಳ ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು.

ಕಚೇರಿಯಲ್ಲಿ ಒಂದು ಟೇಬಲ್ಲಿನವರು ಇನ್ನೊಂದು ಟೇಬಲ್ ತೋರಿಸಿದರು. ನಾನೂ ಅದೇ ಕೆಲಸ ಮಾಡುವವನು, ಬೇಜಾರು ಮಾಡಿಕೊಳ್ಳೋ ಹಾಗೂ ಇಲ್ಲ. ಕೊನೆಗೆ ರೆಕಾರ್ಡ್ ನೋಡಿಕೊಳ್ಳುವವರು ಸಿಕ್ಕರು. ರಿಟೈರ್ ಆಗೋಕೆ ಹತ್ತಿರ ಬಂದ ಮನುಷ್ಯ. "ಎಂತ ಬೇಕಿತ್ತು?" ಅಂದರು. ಹೇಳಿದೆ. "2005ದಾ? ಆ ಮೂಲೆ ಸೋರ್ತದೆ ಮಾರಾಯ್ರೇ, ಇದ್ರೆ ನಿಮ್ಮ ಪುಣ್ಯ" ಅಂತ ಬೀಗದಕೈ ತೆಗೆದುಕೊಂಡರು.

ಕೋಣೆ ತುಂಬ ಕೆಂಪು ಬಟ್ಟೆಯ ಗಂಟುಗಳು. ಕೆಲವಕ್ಕೆ ಒರಲೆ ಹತ್ತಿತ್ತು. ಕೆಲವು ಉಪ್ಪುಗಾಳಿಗೆ, ಮಳೆಗೆ ನೆನೆದು ಒಣಗಿ ಹಪ್ಪಳದ ಹಾಗೆ ಆಗಿದ್ದವು, ಬಿಡಿಸಲು ಹೋದರೆ ಪುಡಿ. ನಾನು ಗಂಟು ಬಿಚ್ಚುವುದು, ಅವರು ಕನ್ನಡಕ ಏರಿಸಿ ನೋಡುವುದು, ಮತ್ತೆ ಕಟ್ಟುವುದು. ಯಾರದೋ ವರ್ಗಾವಣೆ ಅರ್ಜಿ, ಯಾರದೋ ಹೆರಿಗೆ ರಜೆ, ಯಾವುದೋ ನೋಟಿಸಿಗೆ ಉತ್ತರ. ಈ ಕಾಗದದಲ್ಲೊಂದು ಒರಲೆಗೆ ಸಿಕ್ಕರೆ ಒಬ್ಬನ ಮುಪ್ಪಿನ ಊಟವೇ ಹೋಗುತ್ತದಲ್ಲ ಅಂತ ಸಿಟ್ಟು ಬರುತ್ತಿತ್ತು. ನಾನು ಹೇಗೆ ಕೆಲಸ ಮಾಡಿದೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಕಾಗದ ಇದೆಯಾ, ತಾರೀಖು ಇದೆಯಾ, ಅಷ್ಟೇ.

ಮಧ್ಯಾಹ್ನದ ಊಟಕ್ಕೆ ಅವರು ಏಳಲಿಲ್ಲ. ಇನ್ನೇನು ಬಿಡೋಣ ಅನ್ನುವಾಗ ಬೇರೆ ವರ್ಷದ ಗಂಟಿನಲ್ಲಿ ಸಿಕ್ಕಿತು. ಅಂಚು ತಿಂದುಹೋಗಿತ್ತು, ಮಧ್ಯದಲ್ಲಿ ನಂಬರ್ ಮತ್ತು 2005ರ ತಾರೀಖು ಎರಡೂ ಸರಿಯಾಗಿ ಉಳಿದಿದ್ದವು. "ಜೆರಾಕ್ಸ್ ನೀವೇ ಮಾಡಿಸ್ಕೊಂಡು ಬನ್ನಿ, ನಮ್ಮ ಮಷಿನ್ ಹಾಳಾಗಿದೆ" ಅಂದರು. ಸಹಿ ಆಗುವ ಹೊತ್ತಿಗೆ ಕಚೇರಿ ಮುಚ್ಚುವ ಸಮಯ.

ಮರುದಿನ ಪಕ್ಕದ ಟೇಬಲ್ಲಿನ ಗೆಳೆಯನಿಗೆ ತೋರಿಸಿದೆ. ಅವನು ಸೇರಿದ್ದು 2008ರಲ್ಲಿ. ಒಂದೇ ಹುದ್ದೆ, ಒಂದೇ ಕೆಲಸ, ಎಷ್ಟೋ ಸಲ ನನಗಿಂತ ಜಾಸ್ತಿಯೇ ಮಾಡುತ್ತಾನೆ. ನನ್ನ ಕಡಿತ ನಿಲ್ಲುತ್ತದೆ, ನನ್ನ ಪಾಲಿನ ಹಣ ಜಿಪಿಎಫ್‌ಗೆ (ಭವಿಷ್ಯನಿಧಿ ಖಾತೆಗೆ) ಬರಬೇಕು. ಅವನದು ಹಾಗೇ ಮುಂದುವರಿಯುತ್ತದೆ. ಇದಕ್ಕೆ ಯಾವ ನ್ಯಾಯ ಅಂತ ನನಗಂತೂ ಗೊತ್ತಾಗಿಲ್ಲ. ಅವನು ಪ್ರತಿಯನ್ನು ಎರಡು ಸಲ ಓದಿದ. "ಸಾರ್, ನಿಮ್ಮದಂತೂ ಆಯ್ತು. ಇನ್ನು ಎನ್‌ಪಿಎಸ್ ರದ್ದು ಮಾಡಿ ಅಂತ ನಾವು ಧರಣಿ ಕೂತ್ರೆ ಬರ್ತೀರೋ, ಇಲ್ಲ ಮನೆಗೆ ಹೋಗ್ತೀರೋ?" ಅಂತ ಕೇಳಿದ.

ಬರ್ತೇನೆ ಅಂದೆ. "ಹಂಗಾದ್ರೆ ಈ ವರ್ಷದ ಚಂದಾ ಕೊಡಿ" ಅಂತ ರಶೀದಿ ಪುಸ್ತಕ ತೆಗೆದ.