ಒಂದು ವರ್ಷ ಆಯ್ತಲ್ಲ, ಬಿದ್ರಿ ಕಲಿತಾಯ್ತಾ?

ಊರಲ್ಲಿ ಯಾರು ಸಿಕ್ಕರೂ ಈಗ ಇದೇ ಪ್ರಶ್ನೆ. ‘ಒಂದ್ ವರ್ಷ ಆತಲ್ಲವ್ವಾ, ಬಿದ್ರಿ ಕಲಿಯೋದು ಮುಗೀತೇನು?’ ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಬೀದರಿನ ಚೌಬಾರ ಗೋಪುರದ ಹತ್ತಿರ ಆಟೊಗೆ ಕಾಯುವಾಗ ಕೇಳುತ್ತಾರೆ. ಬಿದ್ರಿ ಅಂದರೆ ನಮ್ಮೂರಿನ ಕಸುಬು, ಕಪ್ಪು ಲೋಹದ ಪಾತ್ರೆಯ ಮೈಯಲ್ಲಿ ಗೆರೆ ಕೆತ್ತಿ ಬೆಳ್ಳಿ ಕೂರಿಸುವುದು. ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವಳು ಅದನ್ನು ಬಿಟ್ಟು ಕಾರ್ಖಾನೆಯಲ್ಲಿ ಉಳಿ ಹಿಡಿದು ಕುಳಿತಿದ್ದೇನೆ, ಕೇಳುವುದು ಸಹಜ. ಕೇಳುವವರ ಮಾತಲ್ಲಿ ಕಾಳಜಿ ಇರುತ್ತದೆ. ಅದಕ್ಕೇ ‘ಹೂಂ, ನಡೀತಾ ಇದೆ’ ಅಂತ ಸುಮ್ನೆ ಹೇಳಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಗಿದಿಲ್ಲ. ಈ ಕಸುಬಿನಲ್ಲಿ ನನಗೆ ಬಂದಿರುವುದು ಒಂದು ಪಾಲು ಅಷ್ಟೇ. ಆದರೆ ಆ ಒಂದು ಪಾಲು ನಿಜವಾಗಿ ಕೈಗೆ ಬಂದಿದೆ, ಅದರ ಖುಷಿ ತುಂಬಾ ದೊಡ್ಡದು.

ಹೊರಗಿನವರು ಬಿದ್ರಿ ಹೂದಾನಿ ನೋಡಿ, ಯಾರೋ ಒಬ್ಬರೇ ಕೂತು ಮಾಡಿದ್ದು ಅಂದುಕೊಳ್ಳುತ್ತಾರೆ. ಆದರೆ ಎಷ್ಟೋ ಕಾರ್ಖಾನೆಗಳಲ್ಲಿ ಎರಕ ಹೊಯ್ಯುವವರು ಬೇರೆ, ಉಜ್ಜಿ ನುಣುಪು ಮಾಡುವವರು ಬೇರೆ, ಕೆತ್ತುವವರು ಬೇರೆ, ಬೆಳ್ಳಿ ಕೂರಿಸುವವರು ಬೇರೆ. ಎಲ್ಲ ಕೆಲಸವೂ ಬರುವವರು ಇದ್ದಾರೆ, ಅವರು ಅದಕ್ಕೆ ಆಯುಷ್ಯವನ್ನೇ ಕೊಟ್ಟಿರುತ್ತಾರೆ. 2023ರಲ್ಲಿ ಪದ್ಮಶ್ರೀ ಬಂದ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರು ತಂದೆಯಿಂದ ಕಲಿತು, ದಶಕಗಳ ಕಾಲ ಇದನ್ನೇ ಮಾಡಿಕೊಂಡು ಬಂದವರು. ಆ ಪ್ರಶಸ್ತಿ ಬಂದ ಮೇಲೆ ಊರಿನವರೇ ಈ ಕೆಲಸವನ್ನು ಸ್ವಲ್ಪ ನಿಂತು ನೋಡುವ ಹಾಗಾಯಿತು. ಅಂಥವರ ಎದುರು ಒಂದು ವರ್ಷ ಅಂದರೆ ಎಷ್ಟು, ನೀವೇ ಹೇಳಿ.

ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಇದನ್ನು ಕರಗಿಸಿ, ಹರಳೆಣ್ಣೆ ಮತ್ತು ರಾಳ ಬೆರೆಸಿದ ಮಣ್ಣಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ಬಿಚ್ಚಿದಾಗ ಸಿಗುವುದು ಬೂದು ಬಣ್ಣದ, ಮೈಯೆಲ್ಲ ಒರಟಾದ ಪಾತ್ರೆ. ನನ್ನ ವರ್ಷ ಶುರುವಾಗಿದ್ದು ಇಂಥ ಪಾತ್ರೆಗಳನ್ನು ಉಜ್ಜುವುದರಿಂದ. ಮೊದಲು ಅರ, ಆಮೇಲೆ ಮರಳು ಕಾಗದ. ವಾರಗಟ್ಟಲೆ ಅದೊಂದೇ. ನಮ್ಮ ಉಸ್ತಾದರು, ನಾನು ಅವರನ್ನು ಚಾಚಾ ಅಂತಲೇ ಕರೆಯುವುದು, ಪಾತ್ರೆಯನ್ನು ನೋಡುವುದೇ ಇಲ್ಲ. ಬೆರಳು ಆಡಿಸುತ್ತಾರೆ. ‘ಇಲ್ಲಿ ಇನ್ನಾ ಅದ ಬೇಟಾ’ ಅಂತ ವಾಪಸ್ ಕೊಡುತ್ತಾರೆ. ನನ್ನ ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಬೆರಳಿಗೂ ಏನೂ ಸಿಗುತ್ತಿರಲಿಲ್ಲ. ಆಮೇಲೆ ಒಂದು ದಿನ ಸಿಕ್ಕಿತು. ಅವತ್ತಿನಿಂದ ಮನೆಯ ಸ್ಟೀಲ್ ಲೋಟ, ಬಾಗಿಲ ಚೌಕಟ್ಟು, ಎಲ್ಲದರ ಮೈಯೂ ನನ್ನ ಬೆರಳಿಗೆ ಬೇರೆ ಥರ ಗೊತ್ತಾಗುತ್ತಿದೆ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ‘ಏನು ಮಾಡಿದೆ, ತೋರಿಸು’ ಅಂತ ಕೇಳುವವರಿಗೆ ತೋರಿಸಲು ಆ ತಿಂಗಳುಗಳಲ್ಲಿ ನನ್ನ ಹತ್ತಿರ ಏನೂ ಇರಲಿಲ್ಲ. ಕಚೇರಿಯಲ್ಲಿದ್ದಾಗ ಮಾರ್ಚ್ ಮುಗಿದರೆ ಒಂದು ಕಾಗದ ಕೈಗೆ ಬರುತ್ತಿತ್ತು. ಇಷ್ಟು ಕೆಲಸ, ಇಷ್ಟು ಅಂಕ, ಇಷ್ಟು ಏರಿಕೆ. ಇಲ್ಲಿ ಬೆರಳಿಗೆ ಬಂದದ್ದನ್ನು ಯಾವ ಕಾಗದದಲ್ಲಿ ಬರೆಯಲಿ? ಆದರೂ ಬೆಳೆದಿದ್ದೇನೆ ಅಂತ ನನಗೆ ಮೊದಲ ಸಲ ಗಟ್ಟಿಯಾಗಿ ಅನ್ನಿಸಿದ್ದು ಆಗಲೇ.

ನುಣುಪಾದ ಪಾತ್ರೆಗೆ ಮೈಲುತುತ್ತದ ನೀರು ಸವರಿದರೆ ಮೈ ಕಪ್ಪಾಗುತ್ತದೆ. ಇದು ಸ್ವಲ್ಪ ದಿನದ ಕಪ್ಪು, ಚಿತ್ರ ಬಿಡಿಸುವುದಕ್ಕೆ ಮಾತ್ರ. ಮೊನಚಾದ ಕಡ್ಡಿಯಿಂದ ಗೀರಿದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಸುತ್ತಳತೆ ಭಾಗ ಮಾಡಲು ಕಂಪಾಸ್ ಉಂಟು, ಉಳಿದ ಬಳ್ಳಿ, ಎಲೆ, ಹೂವು ಎಲ್ಲ ನೇರ ಕೈಯಿಂದಲೇ. ಹೂಜಿಯ ಹೊಟ್ಟೆ ಸುತ್ತಿ ಬಂದ ಬಳ್ಳಿ ಹೊರಟ ಜಾಗಕ್ಕೇ ಬಂದು ಸೇರಬೇಕು. ಅರ್ಧ ಎಲೆ ಉಳಿಯಬಾರದು, ಎರಡು ಎಲೆ ಒತ್ತರಿಸಿಕೊಂಡು ನಿಲ್ಲಬಾರದು.

ಆಮೇಲೆ ಉಳಿ. ಪಾತ್ರೆ ಅಲ್ಲಾಡದ ಹಾಗೆ ಮೇಣದಿಂದ ಕಲ್ಲಿನ ಮೇಲೆ ಕೂರಿಸಿ, ಸಣ್ಣ ಸುತ್ತಿಗೆಯಿಂದ ಉಳಿಯ ತಲೆ ತಟ್ಟುತ್ತಾ ಗೆರೆಯ ಮೇಲೆ ಹೋಗಬೇಕು. ಆಳ ಒಂದೇ ಸಮ ಇರಬೇಕು. ಕಡಿಮೆಯಾದರೆ ಬೆಳ್ಳಿ ತಂತಿ ನಿಲ್ಲುವುದಿಲ್ಲ, ಜಾಸ್ತಿಯಾದರೆ ಒಳಗೆ ಮುಳುಗುತ್ತದೆ. ಉಳಿ ಸರಿಯಾದ ಓರೆಯಲ್ಲಿದ್ದರೆ ಟಕ್ ಟಕ್ ಅಂತ ಸದ್ದು ಸ್ಪಷ್ಟವಾಗಿ ಬರುತ್ತದೆ. ಓರೆ ತಪ್ಪಿದರೆ ಸದ್ದು ಮಂದವಾಗುತ್ತದೆ. ಚಾಚಾ ಆಚೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂತಿರುತ್ತಾರೆ. ಅಲ್ಲಿಂದಲೇ ‘ಉಳಿ ಮಲಗ್ಯಾದ ನೋಡವ್ವಾ’ ಅನ್ನುತ್ತಾರೆ. ನೋಡಿದರೆ ಹೌದು, ಮಲಗಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಸದ್ದಿನ ವ್ಯತ್ಯಾಸ ನನ್ನ ಕಿವಿಗೂ ಬಂತು. ಪಕ್ಕದಲ್ಲಿ ಕೂತ ಹುಡುಗ ಕೆತ್ತುವಾಗ ಅವನ ಉಳಿ ಮಲಗಿದ್ದು ನನಗೇ ಮೊದಲು ಕೇಳಿಸಿತು, ನಾನು ಮಾತಾಡುವ ಮುಂಚೆ ಚಾಚಾ ನನ್ನ ಮುಖ ನೋಡಿ ತಲೆ ಆಡಿಸಿದರು. ಈ ವರ್ಷ ನನಗೆ ಸಿಕ್ಕ ಸರ್ಟಿಫಿಕೇಟು ಯಾವುದು ಅಂದರೆ ಅದೇ.

ತಂತಿ ಕೂರಿಸುವ ಕೆಲಸಕ್ಕೆ ತಾರ್‌ಕಶಿ ಅನ್ನುತ್ತಾರೆ. ಬೆಳ್ಳಿ ತಗಡನ್ನು ಎಸಳಿನ ಆಕಾರಕ್ಕೆ ಕತ್ತರಿಸಿ ಕೂರಿಸಿದರೆ ತೆಹ್‌ನಿಶಾನ್. ನನಗೆ ಬಂದಿರುವುದು ತಾರ್‌ಕಶಿ ಮಾತ್ರ. ತಂತಿಯ ತುದಿಯನ್ನು ಗೆರೆಯೊಳಗೆ ಇಟ್ಟು ಮೆಲ್ಲಗೆ ತಟ್ಟುತ್ತಾ ಹೋದರೆ, ಮೆತ್ತಗಿನ ಬೆಳ್ಳಿ ಗೆರೆ ತುಂಬ ಹರಡಿಕೊಂಡು ಗಟ್ಟಿಯಾಗಿ ಕೂರುತ್ತದೆ. ಅಂಟು ಇಲ್ಲ, ಬೆಸುಗೆ ಇಲ್ಲ.

ಇಷ್ಟೆಲ್ಲ ಆದ ಮೇಲೆ ಇಡೀ ಪಾತ್ರೆಯನ್ನು ಮತ್ತೆ ಉಜ್ಜುತ್ತಾರೆ. ಮೈಲುತುತ್ತದ ಕಪ್ಪು ಹೋಗಿ ಎಲ್ಲ ಬೆಳ್ಳಗಾಗುತ್ತದೆ. ಬೆಳ್ಳಿ ಯಾವುದು, ಸತು ಯಾವುದು ಅಂತ ದೂರದಿಂದ ಗೊತ್ತೇ ಆಗುವುದಿಲ್ಲ. ಅಷ್ಟು ದಿನದ ಕೆಲಸ ಕಣ್ಣೆದುರೇ ಮಾಯ. ಆಗ ಬರುವುದು ಕೋಟೆಯ ಮಣ್ಣು.

ಬೀದರ್ ಕೋಟೆಯ ಹಳೆಯ ಕಟ್ಟಡಗಳ ಒಳಗೆ ಬಿಸಿಲು, ಮಳೆ ಕಾಣದ ಜಾಗದ ಮಣ್ಣು ಅದು. ಹಳಬರು ನಾಲಿಗೆಯ ತುದಿಗೆ ಇಟ್ಟು ನೋಡಿ, ಇದು ಆಗುತ್ತದೆ, ಇದು ಆಗುವುದಿಲ್ಲ ಅನ್ನುತ್ತಾರೆ. ನಾನೂ ಇಟ್ಟು ನೋಡಿದ್ದೇನೆ. ಎರಡು ಮಣ್ಣಿನ ರುಚಿಯಲ್ಲಿ ವ್ಯತ್ಯಾಸ ಹೇಳುವುದು ನನಗೆ ಇನ್ನೂ ಬಂದಿಲ್ಲ. ಮಣ್ಣಿಗೆ ನವಸಾಗರ ಅನ್ನುವ ಉಪ್ಪು ಮತ್ತು ನೀರು ಬೆರೆಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಸವರಿ ತಿಕ್ಕುತ್ತಾರೆ. ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಆ ಒಂದು ಪಾಲು ತಾಮ್ರ ಇಲ್ಲದಿದ್ದರೆ ಈ ಕಪ್ಪು ಬರುವುದಿಲ್ಲ. ಕೊನೆಗೆ ಎಣ್ಣೆ ಕೈ ಆಡಿಸಿದರೆ ಕಪ್ಪು ಇನ್ನೂ ಆಳವಾಗುತ್ತದೆ.

ನಾನೇ ಕೆತ್ತಿ, ನಾನೇ ತಂತಿ ಕೂರಿಸಿದ ಮೊದಲ ವಸ್ತು ಒಂದು ಸಣ್ಣ ಡಬ್ಬಿಯ ಮುಚ್ಚಳ. ಅದನ್ನು ನೀರಲ್ಲಿ ತೊಳೆದು ಎತ್ತಿದಾಗ ಕಪ್ಪಿನ ಮೇಲೆ ನನ್ನ ಬಳ್ಳಿ ಕಂಡಿತು. ನನಗೆ ಅಳು ಬಂತು. ಸುತ್ತ ಕೂತವರು ಯಾರೂ ಏನೂ ಅನ್ನಲಿಲ್ಲ, ಅವರೆಲ್ಲ ಒಂದೊಂದು ಕಾಲದಲ್ಲಿ ಇದನ್ನು ನೋಡಿದವರೇ ಅಲ್ವಾ.

ಅದಾದ ಮೇಲೆ ಒಂದು ಭಾನುವಾರ ಕೋಟೆಯ ರಂಗೀನ್ ಮಹಲ್‌ಗೆ ಹೋದೆ. ಶಾಲೆಯ ದಿನಗಳಲ್ಲಿ ಸಾಲಾಗಿ ನಿಂತು ನೋಡಿದ್ದ ಜಾಗ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೊರೆದು ಕೂರಿಸಿದ ಬಳ್ಳಿಗಳಿವೆ ಅಲ್ಲಿ. ಆಗ ಚೆಂದ ಅನ್ನಿಸಿತ್ತು, ಅಷ್ಟೇ. ಈ ಸಲ ಬಳ್ಳಿ ಎಲ್ಲಿ ತಿರುಗಿದೆ, ಮೂಲೆಯಲ್ಲಿ ಎಲೆಯನ್ನು ಹೇಗೆ ಮಡಚಿದ್ದಾರೆ, ಎರಡು ಬಳ್ಳಿ ಸೇರುವ ಕಡೆ ಜಾಗ ಹೇಗೆ ಉಳಿಸಿದ್ದಾರೆ ಅಂತ ನೋಡುತ್ತಾ ನಿಂತೆ. ಕೆಲಸ ಮಾಡಿದವನ ಕೈ ಎಲ್ಲಿ ನಿಧಾನ ಮಾಡಿದೆ ಅನ್ನುವುದು ಕೂಡ ಗೊತ್ತಾಗುತ್ತದೆ. ಹುಟ್ಟಿದ ಊರನ್ನು ನಾನು ನೋಡಲು ಕಲಿತಿದ್ದು ಈ ವರ್ಷ.

ಇನ್ನು ದುಡ್ಡಿನ ವಿಷಯ. ಇದನ್ನು ಬಿಟ್ಟರೆ ಉತ್ತರ ಅರ್ಧ ಆಗುತ್ತದೆ. ಕಚೇರಿಯಲ್ಲಿ ಬರುತ್ತಿದ್ದಷ್ಟು ಇಲ್ಲಿ ಬರುವುದಿಲ್ಲ. ಕೂಲಿ ವಸ್ತುವಿನ ಲೆಕ್ಕದಲ್ಲಿ. ಸಂಜೆ ಎರಡು ಅಂಗಡಿಗಳ ಲೆಕ್ಕ ಬರೆದು ಕೊಡುತ್ತೇನೆ, ಹಾಗಾಗಿ ಮನೆ ನಡೆಯುತ್ತದೆ. ನಮ್ಮ ಕಾರ್ಖಾನೆಗೂ ಒಂದು ಪುಸ್ತಕ ಶುರು ಮಾಡಿದೆ. ಯಾವ ವಸ್ತುವಿಗೆ ಎಷ್ಟು ಬೆಳ್ಳಿ ಹೋಯಿತು, ಎಷ್ಟು ಗಂಟೆ ಹಿಡಿಯಿತು, ಎರಕಕ್ಕೆ ಎಷ್ಟು, ಪಾಲಿಶ್‌ಗೆ ಎಷ್ಟು. ಮೊದಲು ಚಾಚಾಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ‘ಕೈ ಲೆಕ್ಕ ಇಡೋದಿಲ್ಲ’ ಅಂದರು. ಆದರೆ 2025ರಲ್ಲಿ ಬೆಳ್ಳಿ ಕೆಜಿಗೆ ಒಂದು ಲಕ್ಷ ರೂಪಾಯಿ ದಾಟಿ ಮೇಲೆ ಹೋಗುತ್ತಲೇ ಇತ್ತು. ಹಳೆಯ ದರಕ್ಕೆ ಒಪ್ಪಿಕೊಂಡ ಕೆಲಸದಲ್ಲಿ ಕೂಲಿಯೇ ಕರಗಿ ಹೋಗುತ್ತಿರುವುದು ಪುಸ್ತಕದಲ್ಲಿ ಎದ್ದು ಕಾಣುತ್ತಿತ್ತು. ಈಗ ಬೆಳ್ಳಿಯ ದರ ಬೇರೆ, ಕೂಲಿ ಬೇರೆ ಅಂತ ಬರೆದೇ ಬೆಲೆ ಹೇಳುತ್ತೇವೆ. ಬೆಳ್ಳಿ ಏರಿದರೂ ಇಳಿದರೂ ಕೆತ್ತಿದವರ ಕೂಲಿಗೆ ಕೈ ಹಾಕುವ ಹಾಗಿಲ್ಲ. ಕಾಮರ್ಸ್ ಓದಿದ್ದು ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಗಿರಾಕಿಗಳ ಜೊತೆ ಮಾತಾಡುವುದೂ ಈಗ ನನ್ನ ಕೆಲಸ. ಮುಂಚೆ ಅಪರಿಚಿತರ ಎದುರು ನನ್ನ ದನಿಯೇ ಏಳುತ್ತಿರಲಿಲ್ಲ. ಈಗ ‘ಇಷ್ಟು ಸಣ್ಣ ಡಬ್ಬಿಗೆ ಇಷ್ಟಾ?’ ಅಂದವರನ್ನು ಕೂರಿಸಿ, ಕೈಗೆ ಡಬ್ಬಿ ಕೊಟ್ಟು, ಉಗುರು ಆಡಿಸಿ ನೋಡಿ ಅನ್ನುತ್ತೇನೆ. ಬೆಳ್ಳಿ ಮೈಯೊಳಗೆ ಕೂತಿರುವುದು ಅವರಿಗೇ ಗೊತ್ತಾಗುತ್ತದೆ. ಬಣ್ಣ ಬಳಿದ ನಕಲು ಮಾಲಿನಲ್ಲಿ ಅದು ಸಿಗುವುದಿಲ್ಲ. ಬಿದ್ರಿಗೆ 2006ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ, ಆದರೂ ನಕಲು ನಿಂತಿಲ್ಲ, ಹಾಗಾಗಿ ಕೊಳ್ಳುವವರ ಬೆರಳಿಗೆ ಗೊತ್ತಾಗುವುದು ಮುಖ್ಯ. ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ತಿಕ್ಕಬೇಡಿ, ಮೆತ್ತಗಿನ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು, ಕೈ ಜಾರಿ ಬಿದ್ದರೆ ಒಡೆಯುತ್ತದೆ, ಹಿತ್ತಾಳೆಯ ಹಾಗೆ ತಗ್ಗು ಬೀಳುವುದಿಲ್ಲ. ಇದನ್ನೆಲ್ಲ ಹೇಳಿ ಕಳಿಸುತ್ತೇನೆ.

ಮನೆಯಲ್ಲಿ ಏನಾಯಿತು ಅಂತಲೂ ಕೇಳುತ್ತಾರೆ, ಮುಖ್ಯವಾಗಿ ಹೆಂಗಸರು. ಅತ್ತೆಗೆ ಮೊದಲು ಸಂಕಟವಿತ್ತು. ‘ಓದಿದವಳು ಸುತ್ತಿಗೆ ಹಿಡಿದ್ರ ಜನ ಏನಂದಾರು’ ಅನ್ನುತ್ತಿದ್ದರು. ಜಗಳ ಆಡಲಿಲ್ಲ ನಾನು. ಆ ಮೊದಲ ಡಬ್ಬಿಯನ್ನು ಅವರಿಗೇ ಕೊಟ್ಟೆ. ಈಗ ಅದರಲ್ಲಿ ಅಡಿಕೆ, ಲವಂಗ ಇರುತ್ತದೆ. ಬಂದವರಿಗೆ ಅಡಿಕೆ ಕೊಡುವ ಮುಂಚೆ ಮುಚ್ಚಳ ತೋರಿಸುತ್ತಾರೆ.

ಕಾರ್ಖಾನೆಯಲ್ಲಿ ದಖನಿ ಉರ್ದು ಮಾತು ನನ್ನ ಬಾಯಿಗೂ ಬಂದಿದೆ, ನನ್ನ ಕನ್ನಡ ಅವರ ಬಾಯಿಗೆ ಮೊದಲೇ ಇತ್ತು. ರಂಜಾನ್ ತಿಂಗಳಲ್ಲಿ ನಮ್ಮಲ್ಲಿ ಕೆಲಸ ಬೆಳಿಗ್ಗೆ ಬೇಗ ಶುರುವಾಗಿ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ನಾನೂ ಆ ಹೊತ್ತಿಗೇ ಹೊಂದಿಕೊಂಡೆ. ಶ್ರಾವಣ ಸೋಮವಾರ ನನ್ನ ಉಪವಾಸ ಅಂತ ಗೊತ್ತಾಗಿ ಅವತ್ತು ಚಾಚಿ ಮನೆಯಿಂದ ಬಾಳೆಹಣ್ಣು ಬರುತ್ತಿತ್ತು. ಊರೆಂದರೆ ನನಗೆ ಇದೇ.

ಈಗೀಗ ಆ ಪ್ರಶ್ನೆಯ ಬೆನ್ನಿಗೇ ಇನ್ನೊಂದು ಬರುತ್ತದೆ, ಸ್ವಲ್ಪ ತಗ್ಗಿದ ದನಿಯಲ್ಲಿ. ‘ನಮ್ಮ ಹುಡುಗೀನ ಕಳಿಸಬಹುದೇನು?’ ಕಳಿಸಿ ಅಂತ ಹೇಳುತ್ತೇನೆ, ಮನಸಾರೆ ಹೇಳುತ್ತೇನೆ. ಆದರೆ ಓದು ಬಿಡಿಸಿ ಕಳಿಸಬೇಡಿ, ಅರ್ಧ ದಿನ ಸಾಕು. ಕಣ್ಣು ಒಮ್ಮೆ ತೋರಿಸಿ, ಕನ್ನಡಕ ಬೇಕಿದ್ದರೆ ಮೊದಲೇ ಹಾಕಿಸಿ. ಯಾವ ಕೆಲಸಕ್ಕೆ ಎಷ್ಟು ಕೂಲಿ ಅಂತ ಸೇರುವ ದಿನವೇ ಕೇಳಿ, ಕೇಳಿದರೆ ಒಳ್ಳೆಯ ಉಸ್ತಾದರು ಬೇಸರ ಮಾಡಿಕೊಳ್ಳುವುದಿಲ್ಲ. ಆರು ತಿಂಗಳು ‘ಏನು ಮಾಡಿದೆ, ತೋರಿಸು’ ಅನ್ನಬೇಡಿ. ನಾನು ಈ ವರ್ಷ ತೆಹ್‌ನಿಶಾನ್ ಶುರು ಮಾಡಿದ್ದೇನೆ, ಗಸಗಸೆ ಹೂವಿನ ಎಸಳು ಕತ್ತರಿಸುತ್ತಾ ಕೂತಿರುತ್ತೇನೆ. ಮಧ್ಯಾಹ್ನದ ಮೇಲೆ ಹುಡುಗಿಯನ್ನು ಕರೆದುಕೊಂಡು ಬನ್ನಿ, ಪಕ್ಕದಲ್ಲಿ ಒಂದು ಮಣೆ ಖಾಲಿ ಇದೆ.