ಕೆಫೆಯ ಹೊರಗೆ ಮಲಗಿದ ಕೂಸುಗಳು

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ನೊರೆಬ್ರೊ ಬಡಾವಣೆ. ಕೆಫೆಯ ಹೊರಗೆ, ಕೊರೆಯುವ ಚಳಿಯಲ್ಲಿ ಮೂರು ತಳ್ಳುಗಾಡಿಗಳು. ಅವುಗಳಲ್ಲಿ ಬೆಚ್ಚಗೆ ಹೊದ್ದು ಮಲಗಿದ ಕೂಸುಗಳು. ಅಮ್ಮಂದಿರು ಒಳಗೆ ನನ್ನ ಪಕ್ಕದ ಮೇಜಿನಲ್ಲಿ ಹರಟುತ್ತಿದ್ದಾರೆ. ಇಲ್ಲಿ ಇದನ್ನು ಯಾರೂ ತಿರುಗಿ ನೋಡುವುದಿಲ್ಲ. 1997ರಲ್ಲಿ ನ್ಯೂಯಾರ್ಕ್‌ನಲ್ಲಿ ಹೀಗೆಯೇ ಮಾಡಿದ ಡೆನ್ಮಾರ್ಕಿನ ತಾಯಿಯೊಬ್ಬಳನ್ನು ಪೊಲೀಸರು ಬಂಧಿಸಿದ್ದರು!

ಜನರನ್ನು ನಂಬುವ ಈ ಊರಿನ ಮೆಟ್ರೊ ನಿಲ್ದಾಣಗಳಿಗೂ ತಡೆಗೇಟುಗಳಿಲ್ಲ. ಹಾಗೆಂದು ಕಣ್ಣುಮುಚ್ಚಿದ ನಂಬಿಕೆಯೇನಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ಜೋರಾಗಿಯೇ ಇದೆ. ಸೈಕಲ್‌ಗೆ ಬೀಗವನ್ನಂತೂ ಎಲ್ಲರೂ ಹಾಕುತ್ತಾರೆ. ಮಗುವನ್ನು ಬಿಡಬಹುದು, ಸೈಕಲ್ ಬಿಡುವಂತಿಲ್ಲ!

ಅಷ್ಟರಲ್ಲಿ ಹೊರಗೊಂದು ಕೂಸು ಅತ್ತಿತು. ದಾರಿಹೋಕ ಅಜ್ಜನೊಬ್ಬ ಬಾಗಿಲು ತೆರೆದು, 'ಮಗು ಎದ್ದಿದೆ' ಎಂದು ಹೇಳಿ ನಡೆದೇಬಿಟ್ಟ. ಮೂವರು ತಾಯಂದಿರೂ ಒಟ್ಟಿಗೇ ಎದ್ದರು.