ಅಮ್ಮನ ಚಂದನಕ್ಕಾಗಿ ಡಿಶ್ ಸರಿಸಿದ್ದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ

ಜೂನ್ ಎರಡನೇ ವಾರ

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಕೇಬಲ್‌ನಲ್ಲಿ ಮಲಯಾಳ ಚಾನೆಲ್‌ಗಳೇ ಜಾಸ್ತಿ. ಅಮ್ಮನಿಗೆ ಸಂಜೆ ಕನ್ನಡ ವಾರ್ತೆ ಕೇಳದಿದ್ದರೆ ದಿನ ಮುಗಿದ ಹಾಗೆ ಆಗುವುದಿಲ್ಲ. ದೂರದರ್ಶನ ಚಂದನ ಸಿಗಲಿ ಅಂತಲೇ ಏಳು ವರ್ಷದ ಹಿಂದೆ ಡಿಡಿ ಫ್ರೀ ಡಿಶ್ ಹಾಕಿಸಿದ್ದೆವು. ತಿಂಗಳ ದುಡ್ಡಿಲ್ಲ, ಕನ್ನಡವೂ ಬರುತ್ತದೆ.

ಮಳೆ ಶುರುವಾದದ್ದೇ ಚಿತ್ರ ಚೌಕ ಚೌಕವಾಗಿ ಒಡೆಯತೊಡಗಿತು. ಸ್ವರ ಕಡಿದು ಕಡಿದು ಬರುತ್ತದೆ. ಆಮೇಲೆ 'ನೋ ಸಿಗ್ನಲ್'. ಪೇಟೆಯಿಂದ ಬಂದ ಮೆಕ್ಯಾನಿಕ್ ಎಲ್‌ಎನ್‌ಬಿ, ಅಂದರೆ ಡಿಶ್‌ನ ಎದುರು ಸಿಗ್ನಲ್ ಹಿಡಿಯುವ ಸಾಧನ, ಹೋಗಿದೆ ಅಂದರು, ಬದಲಿಸಿದರು. ಎರಡೇ ದಿನ. ಮತ್ತೆ ಅದೇ ಕತೆ.

ಜೂನ್ ಕೊನೆ

ಸುಮ್ನೆ ಸಾಮಾನು ಬದಲಿಸುತ್ತಾ ಹೋದರೆ ಆಗದು ಅನಿಸಿತು. ಒಂದು ಹಳೆ ನೋಟ್‌ಬುಕ್ ತೆಗೆದು ಟಿವಿ ಪಕ್ಕದಲ್ಲಿ ಇಟ್ಟೆ. ಚಿತ್ರ ಹೋದಾಗಲೆಲ್ಲ ಗಂಟೆ, ಮಳೆ, ಗಾಳಿ ಬರೆಯುವ ಕೆಲಸ ಅಮ್ಮನದ್ದು. ಸೆಟ್‌ಟಾಪ್ ಬಾಕ್ಸ್‌ನ ಮೆನುವಿನಲ್ಲಿ ಎರಡು ಗೆರೆ ಇರುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ನೋಡಬೇಕಾದದ್ದು ಕ್ವಾಲಿಟಿ. ಸ್ಟ್ರೆಂತ್ ತುಂಬಿಕೊಂಡಿದ್ದರೂ ಕ್ವಾಲಿಟಿ ಇಲ್ಲದಿದ್ದರೆ ಚಿತ್ರವಿಲ್ಲ.

ಹತ್ತು ದಿನದ ಬರಹ ನೋಡಿದಾಗ ವಿಷಯ ಹೊರಬಿತ್ತು. ಜಡಿಮಳೆ ಹೊಡೆಯುವಾಗ ಚಿತ್ರ ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಉಪಗ್ರಹದಿಂದ ಬರುವ ಈ ಅಲೆಗಳ ಉದ್ದ ಮೂರು ಸೆಂಟಿಮೀಟರಿಗೂ ಕಡಿಮೆ, ದೊಡ್ಡ ಮಳೆ ಅದನ್ನು ನುಂಗುತ್ತದೆ. ಮಳೆ ಬಿಟ್ಟ ಮೇಲೆ ಸರಿಯಾಗಬೇಕು. ನಮ್ಮಲ್ಲಿ ಮಳೆ ಬಿಟ್ಟು ಎರಡು ಗಂಟೆಯಾದರೂ ಸರಿಯಾಗುತ್ತಿರಲಿಲ್ಲ. ಇನ್ನೊಂದು, ಮಳೆಯೇ ಇಲ್ಲದ ದಿನವೂ ಮಧ್ಯಾಹ್ನ ಮೇಲೆ ಗಾಳಿ ಬೀಸುವಾಗ ಚಿತ್ರ ಒಡೆಯುತ್ತಿತ್ತು. ಅಂದರೆ ತೊಂದರೆ ಒಂದಲ್ಲ, ಎರಡು.

ಜುಲೈ ಮೊದಲ ಭಾನುವಾರ

ಮೊದಲನೆಯದು ಬೇಗ ಸಿಕ್ಕಿತು. ಎಲ್‌ಎನ್‌ಬಿಗೆ ಕೇಬಲ್ ಸೇರಿಸುವ ಎಫ್ ಕನೆಕ್ಟರ್ ತಿರುಗಿಸಿ ಬಿಚ್ಚಿದೆ. ಒಳಗಿಂದ ಒಂದು ಹನಿ ನೀರು ನನ್ನ ಹೆಬ್ಬೆರಳ ಮೇಲೆ ಬಿತ್ತು. ನಡುವಿನ ತಾಮ್ರದ ತಂತಿಗೆ ಹಸಿರು ಕಿಲುಬು. ಸುತ್ತಲಿನ ಹೆಣಿಗೆ ಕಪ್ಪಾಗಿ, ಉಗುರಿನಲ್ಲಿ ಕೆರೆದರೆ ಪುಡಿಯಾಗುತ್ತಿತ್ತು. ಹೊಸ ಎಲ್‌ಎನ್‌ಬಿಯನ್ನು ಅದೇ ಹಳೆ ಕೇಬಲ್ ತುದಿಗೆ ಸಿಕ್ಕಿಸಿದ್ದರು. ಇದನ್ನು ನೋಡಿ ನಿಜವಾಗಿ ಬೇಸರವಾಯಿತು. ಒಂದು ಗೇಣು ಕೇಬಲ್ ಕತ್ತರಿಸಿ ಎಸೆದಿದ್ದರೆ ಮುಗಿಯುತ್ತಿತ್ತಲ್ವಾ?

ನಾನು ಒಂದೂವರೆ ಅಡಿ ಕತ್ತರಿಸಿದೆ, ಒಳಗೆ ತಾಮ್ರ ಹೊಳೆಯುವವರೆಗೆ. ಹೊಸ ಕನೆಕ್ಟರ್ ಹಾಕಿ, ಅದರ ಮೇಲೆ ನೀರು ಹೋಗದ ರಬ್ಬರ್ ಟೇಪ್ ಸುತ್ತಿದೆ. ಕೇಬಲ್ ಎಲ್‌ಎನ್‌ಬಿಗೆ ಸೇರುವ ಮೊದಲು ಸ್ವಲ್ಪ ಕೆಳಗೆ ಜೋಲುವ ಹಾಗೆ ಬಿಟ್ಟೆ. ಈಗ ನೀರು ಆ ಜೋಲಿನ ತಳದಿಂದ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ.

ಜುಲೈ ಮೂರನೇ ವಾರ

ಮಳೆ ನಂತರದ ತೊಂದರೆ ಹೋಯಿತು. ಗಾಳಿಯದ್ದು ಹೋಗಲಿಲ್ಲ. ಡಿಶ್ ಗಟ್ಟಿಯಾಗಿಯೇ ಇದೆ, ನೇತು ಹಿಡಿದರೂ ಅಲುಗುವುದಿಲ್ಲ. ಅದರ ಮುಖದ ಎದುರು ನಿಂತು ನೋಡಿದರೆ ತೋಟದ ಕಾಂಡಗಳ ನಡುವೆ ಖಾಲಿ ಆಕಾಶ.

ನಾನು ಮೋಸ ಹೋದದ್ದು ಇಲ್ಲೇ. ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದು ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಕಾಸರಗೋಡಿನಿಂದ ನೋಡಿದರೆ ಆಗ್ನೇಯ ದಿಕ್ಕು, ನೆಲದಿಂದ ಸುಮಾರು 64 ಡಿಗ್ರಿ ಮೇಲೆ. ಆದರೆ ನಮ್ಮ ಮನೆಗಳಲ್ಲಿ ಇರುವುದು ಆಫ್‌ಸೆಟ್ ಡಿಶ್. ಅದರ ಮುಖ ಎಲ್ಲಿ ನೋಡುತ್ತದೋ ಅದಕ್ಕಿಂತ ಸುಮಾರು 25 ಡಿಗ್ರಿ ಮೇಲಿನಿಂದ ಅದು ಸಿಗ್ನಲ್ ಹಿಡಿಯುತ್ತದೆ. ಕತ್ತು ಎತ್ತಿ ಅಲ್ಲಿ ನೋಡಿದೆ. ಅಂಗಳದ ಅಂಚಿನ ಕಂಗಿನ, ಅಂದರೆ ಅಡಿಕೆ ಮರದ, ತಲೆ! ಡಿಶ್ ಹಾಕುವಾಗ ಅದು ಸಣ್ಣ ಮರ. ಈಗ ಗಾಳಿಗೆ ಅದರ ಸೋಗೆ ಆ ಕಡೆ ಈ ಕಡೆ ಹೋಗುವಾಗಲೆಲ್ಲ ಚಿತ್ರ ಒಡೆಯುತ್ತಿತ್ತು.

ಮರ ಕಡಿಯುವ ಮಾತೇ ಇಲ್ಲ. ಒಳ್ಳೆ ಫಸಲು ಕೊಡುವ ಮರ, ಅಪ್ಪ ನೆಟ್ಟದ್ದು. ಲೆಕ್ಕ ಹಾಕಿದೆ. 64 ಡಿಗ್ರಿ ಅಂದರೆ ಮರದಿಂದ ಒಂದು ಅಡಿ ದೂರ ಹೋದರೆ ಎರಡು ಅಡಿ ಎತ್ತರ ಲಾಭ. ಹತ್ತು ಅಡಿ ಹಿಂದೆ ಸರಿದರೆ ಇಪ್ಪತ್ತು ಅಡಿ ಸಿಗುತ್ತದೆ. ಬಚ್ಚಲಿನ ಮುರಕಲ್ಲಿನ ಗೋಡೆ ಸರಿಯಾಗಿ ಅಲ್ಲೇ ಇದೆ.

ಆಗಸ್ಟ್

ಮಳೆ ಬಿಟ್ಟ ಒಂದು ದಿನ ನೋಡಿ ಡಿಶ್‌ನ ಕಂಬವನ್ನು ಆ ಗೋಡೆಗೆ ಸರಿಸಿದೆವು. ಕಂಬ ತೂಗುಗುಂಡಿಗೆ ಸರಿಯಾಗಿ ನೆಟ್ಟಗಿರಬೇಕು, ಇಲ್ಲವಾದರೆ ಆಮೇಲಿನ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ಬಾಕ್ಸ್‌ನಲ್ಲಿ ಫ್ರೀ ಡಿಶ್ ಸಿಗ್ನಲ್‌ನ ಅಂಕೆಗಳನ್ನು (ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500) ಇಟ್ಟು, ಮೊಬೈಲ್‌ನ ದಿಕ್ಸೂಚಿ ನೋಡಿ ಡಿಶ್ ತಿರುಗಿಸಿದೆ. ಒಂದು ಕೂದಲಿನಷ್ಟು ತಿರುಗಿಸುವುದು, ನಾಲ್ಕು ಸೆಕೆಂಡು ಕಾಯುವುದು. ಬಾಕ್ಸ್‌ನ ಗೆರೆ ತಡವಾಗಿ ಏಳುತ್ತದೆ, ಅವಸರ ಮಾಡಿದರೆ ದಾಟಿ ಹೋಗುತ್ತೇವೆ. ಒಳಗಿಂದ ಅಮ್ಮ ಕ್ವಾಲಿಟಿಯ ಅಂಕೆ ಕೂಗಿ ಹೇಳುತ್ತಿದ್ದರು. ನಲವತ್ತು, ಐವತ್ತೆರಡು, ಅರುವತ್ತು. ಕೊನೆಗೆ ಎಲ್‌ಎನ್‌ಬಿಯನ್ನೇ ಅದರ ಹಿಡಿಯಲ್ಲಿ ಮೆಲ್ಲ ತಿರುಗಿಸಿದಾಗ ಎಪ್ಪತ್ತೆಂಟು. ಇದನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ, ಮುಟ್ಟಿ ನೋಡಬೇಕು.

ಸೆಪ್ಟೆಂಬರ್ 28

ಈ ದಿನಕ್ಕೆ ಕಾದಿದ್ದೆ. ವರ್ಷಕ್ಕೆ ಎರಡು ಸಲ, ಮಾರ್ಚ್ ನಡುವಿನಲ್ಲಿ ಮತ್ತು ಸೆಪ್ಟೆಂಬರ್ ಕೊನೆಗೆ, ನಮ್ಮೂರಿನಿಂದ ನೋಡಿದರೆ ಸೂರ್ಯ ಈ ಉಪಗ್ರಹದ ಹಿಂದೆಯೇ ಹಾದು ಹೋಗುತ್ತಾನೆ, ಸೆಪ್ಟೆಂಬರ್‌ನಲ್ಲಾದರೆ ಬೆಳಿಗ್ಗೆ ಹನ್ನೊಂದಕ್ಕೆ ಸುಮಾರು ಐದು ನಿಮಿಷ ಇರುವಾಗ. ಆ ಹೊತ್ತಿಗೆ ನೆರಳು ಎಲ್ಲಿ ಬೀಳುತ್ತದೋ ಅಲ್ಲಿಗೆ ಸಿಗ್ನಲ್ ಬರುವುದಿಲ್ಲ.

ಬಿಸಿಲು ಚೆನ್ನಾಗಿತ್ತು. ಕಂಗಿನ ತಲೆಯ ನೆರಳು ಅಂಗಳದಲ್ಲಿ ಮೆಲ್ಲ ಜಾರಿ ಬಂದು ಹಳೆ ಕಂಬ ಇದ್ದ ಗುಂಡಿಯ ಮೇಲೇ ಕೂತಿತು. ಹೊಸ ಜಾಗದ ಡಿಶ್ ಪೂರಾ ಬಿಸಿಲಲ್ಲಿ, ಅದರಿಂದ ಚಿಮ್ಮಿದ ಬೆಳಕು ಎಲ್‌ಎನ್‌ಬಿಯ ಬಾಯಿಯ ಮೇಲೆ. ಸೂರ್ಯನಿಂದ ಬರುವ ರೇಡಿಯೊ ಅಲೆಗಳ ಗದ್ದಲಕ್ಕೆ ಕ್ವಾಲಿಟಿ ಕೆಲವು ನಿಮಿಷ ಕುಸಿಯಿತು. 'ಪುನಃ ಹೋಯಿತಾ?' ಅಂತ ಅಮ್ಮ ಗಾಬರಿಯಿಂದ ಹೊರಗೆ ಬಂದರು. ನೆರಳನ್ನು ತೋರಿಸಿದೆ. ಅವರು ಗುಂಡಿಯನ್ನು ನೋಡಿದರು, ಮರ ನೋಡಿದರು, ಒಳಗೆ ಹೋಗಿ ನೋಟ್‌ಬುಕ್‌ನಲ್ಲಿ ಗಂಟೆ ಬರೆದರು.